ಚನ್ನಕೇಶವ ಮೇಷ್ಟ್ರ ಮೂಲ ಪ್ರತಿ

ಲಾಕ್‌ಡೌನ್ ಅವಧಿಯಲ್ಲಿ ಜಿಲ್ಲೆಯ ಯಾವೊಬ್ಬ ವ್ಯಾಯಾಮ ಶಿಕ್ಷಕರೂ ದಪ್ಪಗಾಗಿಲ್ಲ. ಇದು ಇಲಾಖೆ ಒಪ್ಪಿರುವ ಸಂಗತಿ. ಶಿಡ್ಲಘಟ್ಟದ ಪ್ರೌಢಶಾಲೆಯ ಚನ್ನಕೇಶವ ಮೇಷ್ಟ್ರ ಹೊಟ್ಟೆಯನ್ನು ಈ ಹಿನ್ನೆಲೆಯಲ್ಲೇ ನೋಡತಕ್ಕದ್ದು.

ಶಾಲೆ ಮುಚ್ಚಿದರೂ ಕವಾಯತು ನಿಲ್ಲಬಾರದೆಂದು ಆದೇಶ ಬಂದಿತ್ತು. ಮೇಷ್ಟ್ರು ಆದೇಶ ಮೀರುವವರಲ್ಲ. ಬೆಳಿಗ್ಗೆ ಸೋಫಾದಲ್ಲಿ ಒರಗಿ, ಮೊಬೈಲಿನ ಕ್ಯಾಮೆರಾ ಆಫ್ ಮಾಡಿ, "ಬಗ್ಗಿ! ಇನ್ನೂ ಬಗ್ಗಿ!" ಎಂದು ಮಕ್ಕಳಿಗೆ ಹೇಳುತ್ತಿದ್ದರು. ಬಗ್ಗಿದವರು ಏಳುವುದರೊಳಗೆ ಇವರ ನಿಪ್ಪಟ್ಟು ಮುಗಿಯುತ್ತಿತ್ತು. ಅದೇನು ಕಟಕಟ ಸದ್ದು ಎಂದು ಒಂದು ಹುಡುಗಿ ಕೇಳಿದ್ದಕ್ಕೆ, "ಮಂಡಿ ಕಣಮ್ಮ. ವ್ಯಾಯಾಮ ಬಿಟ್ರೆ ಹಂಗಾಗತ್ತೆ," ಎಂದು ವೈಜ್ಞಾನಿಕವಾಗಿ ವಿವರಿಸಿದರು. ಆಮೇಲೆ ತಿಂಡಿ, ತಿಂಡಿಯ ಆಯಾಸಕ್ಕೆ ನಿದ್ದೆ, ಎದ್ದರೆ ಮುದ್ದೆ ಬಸ್ಸಾರು, ಸಂಜೆ ಟಿವಿ ಮುಂದೆ ಬೋಂಡ. ಹೆಂಡತಿ ಶೋಭಾರಾಣಿ ಬೇಸರ ಕಳೆಯಲು ಕೇಕು ಮಾಡುವುದನ್ನು ಕಲಿತರು. ಕೆಟ್ಟ ಕೇಕನ್ನು ಎಸೆಯುವುದು ಮೇಷ್ಟ್ರ ಸಂಸ್ಕಾರಕ್ಕೆ ಒಗ್ಗಲಿಲ್ಲ.

"ರೀ, ಒಂದ್ಸಲ ಪ್ಯಾಂಟು ಹಾಕ್ಕೊಂಡು ನೋಡ್ರೀ," ಎಂದರು ಶೋಭಾರಾಣಿ.

"ಹೊರಗೆ ಹೋಗೋ ಹಂಗಿಲ್ಲ ಅಂತ ಸರ್ಕಾರವೇ ಹೇಳಿದೆ. ಪ್ಯಾಂಟು ಯಾಕೇ?" ಎಂದು ಮೇಷ್ಟ್ರು ಲುಂಗಿಯಲ್ಲೇ ಉಳಿದರು.

ಅಷ್ಟರಲ್ಲಿ, ವ್ಯಾಯಾಮ ಶಿಕ್ಷಕರು ತಮ್ಮ ದೇಹದಾರ್ಢ್ಯ ತೋರುವ ಫೋಟೊ ಕಳಿಸತಕ್ಕದ್ದೆಂದು ಇಲಾಖೆ ಅಪ್ಪಣೆ ಮಾಡಿತು. ಮೇಷ್ಟ್ರು ಕನ್ನಡಿಯ ಮುಂದೆ ನಿಂತು ಹೊಟ್ಟೆ ಎಳೆದುಕೊಂಡರು. ಹೊಟ್ಟೆ ಒಳಗೆ ಹೋಗಲಿಲ್ಲ, ಉಸಿರು ಮಾತ್ರ ಹೊರಗೆ ಬಂತು. ಕೊನೆಗೆ, ಕಾಲೇಜಿನಲ್ಲಿ ಉದ್ದಜಿಗಿತ ಹಾರುವಾಗ ಗಾಳಿಯಲ್ಲಿದ್ದ ತಮ್ಮ ಫೋಟೊ ಕಳಿಸಿದರು. ಫೋಟೊ ಹಳೆಯದಾಗಿರಬಾರದೆಂದು ಯಾರೂ ಹೇಳಿರಲಿಲ್ಲ.

ಇಲಾಖೆ ಬೆರಗಾಯಿತು. 'ಜಿಲ್ಲೆಯ ಆದರ್ಶ ದೇಹ' ಪ್ರಶಸ್ತಿ ಅವರಿಗೇ ಬಂತು. ಲಾಕ್‌ಡೌನ್ ಸಡಿಲವಾದ ಕೂಡಲೇ ಚಿಕ್ಕಬಳ್ಳಾಪುರದಲ್ಲಿ ಸನ್ಮಾನ, ಖುದ್ದು ಹಾಜರಿ ಕಡ್ಡಾಯ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ. ಮೇಷ್ಟ್ರು ಊಟ ಬಿಡಲು ನಿಶ್ಚಯಿಸಿದರು. ಭಯಕ್ಕೆ ಹಸಿವು ಇಮ್ಮಡಿಯಾಯಿತು.

ಸಭಾಂಗಣದಲ್ಲಿ ಬ್ಯಾನರಿನ ತುಂಬ ಅವರೇ ಹಾರುತ್ತಿದ್ದರು. ಅಧಿಕಾರಿ ರಮೇಶ್‌ಬಾಬು ಬ್ಯಾನರು ನೋಡಿದರು, ಮೇಷ್ಟ್ರನ್ನು ನೋಡಿದರು.

"ನೀವ್ಯಾರು?"

"ನಾನೇ ಸಾರ್ ಅವ್ನು. ತಪ್ಪಾಯ್ತು."

"ತಪ್ಪು ಅನ್ಬೇಡ್ರಿ! ತಪ್ಪು ಅಂದ್ರೆ ವಿಚಾರಣೆ ಆಗತ್ತೆ. ನಿಮ್ಮನ್ನ ಆರಿಸಿದ್ದು ನಾನು."

"ಮತ್ತೇನ್ ಮಾಡಣ ಸಾರ್?"

"ನಿಯಮ ಮಾಡಣ," ಎಂದು ರಮೇಶ್‌ಬಾಬು ಮೈಕು ಹಿಡಿದರು. "ಸಭಿಕರ ಗಮನಕ್ಕೆ. ಭಾವಚಿತ್ರಕ್ಕೂ ಶರೀರಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ಭಾವಚಿತ್ರವನ್ನೇ ಮೂಲ ಪ್ರತಿಯೆಂದು ಪರಿಗಣಿಸತಕ್ಕದ್ದು. ಶರೀರವು ನಕಲು ಪ್ರತಿಯಾಗಿದ್ದು, ಅದರ ಗಾತ್ರಕ್ಕೆ ಇಲಾಖೆ ಹೊಣೆಯಲ್ಲ."

ನೆರೆದಿದ್ದ ವ್ಯಾಯಾಮ ಶಿಕ್ಷಕರೆಲ್ಲ ಬೆಲ್ಟು ಸಡಿಲಿಸಿಕೊಂಡು ಚಪ್ಪಾಳೆ ತಟ್ಟಿದರು. ಚೌಕಟ್ಟು ಹಾಕಿಸಿದ ಫೋಟೊಗೆ ಹಾರ ಹಾಕಿ, ಶಾಲು ಹೊದಿಸಿದರು. ಹಿಡಿದುಕೊಳ್ಳಲು ಮೇಷ್ಟ್ರಿಗೆ ಅವಕಾಶ ಕೊಟ್ಟರು.

ಹಾರದ ಸಮೇತ ಫೋಟೊ ಮನೆಯ ಗೋಡೆಗೇರಿತು. ಲಾಕ್‌ಡೌನಿನಲ್ಲಿ ಗೌರಿಬಿದನೂರಿನ ಮಗಳ ಮನೆಯಲ್ಲಿ ಸಿಕ್ಕಿಕೊಂಡಿದ್ದ ಎದುರುಮನೆಯ ಆದಿಲಕ್ಷ್ಮಮ್ಮ ಮರುದಿನ ಬಾಗಿಲಿಗೆ ಬಂದವರೇ, ಫೋಟೊ ಕಂಡು ಎದೆ ಬಡಿದುಕೊಂಡರು.

"ಅಯ್ಯೋ ದೇವುಡಾ! ಜಿಂಕೆ ಥರ ಇದ್ದ ಮೇಷ್ಟ್ರು! ಶೋಭಮ್ಮ, ಯಾವಾಗಮ್ಮ ಆಗಿದ್ದು?" ಅಷ್ಟರಲ್ಲಿ ಒಳಗಿನಿಂದ ಬಂದ ಮೇಷ್ಟ್ರನ್ನು ನೋಡಿ ಕೇಳಿದರು, "ಇವ್ರು ಯಾರು?"

ಶೋಭಾರಾಣಿ ಬಾಯಿ ತೆರೆದರು. ಮೇಷ್ಟ್ರು ತಡೆದರು. ನಿಯಮ ನಿಯಮವೇ.

"ಹತ್ತಿರದ ಸಂಬಂಧ," ಎಂದರು.

ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಬೀದಿಯವರೆಲ್ಲ ಕ್ಯಾರಿಯರುಗಳಲ್ಲಿ ಊಟ ತಂದರು. ಶೋಭಾರಾಣಿ ಒಂದೆರಡು ಸಲ ನಿಜ ಹೇಳಹೊರಟರು, ಸಾರಿನ ಘಮ ಬಂದ ಕೂಡಲೇ ತಟ್ಟೆ ತಂದಿಟ್ಟರು. ಆದಿಲಕ್ಷ್ಮಮ್ಮ ಬಡಿಸುತ್ತ, "ಎಷ್ಟು ಚೆನ್ನಾಗಿ ಓಡ್ತಿದ್ದ, ಪಾಪ," ಎಂದರು.

ಮೇಷ್ಟ್ರು ಗೋಡೆಯ ಕಡೆ ನೋಡಿದರು. ಫೋಟೊದಲ್ಲಿದ್ದ ಆ ಹುಡುಗನನ್ನು ಕಂಡು ಅವರಿಗೆ ನಿಜವಾಗಿಯೂ ಕರುಳು ಚುರ್ರೆಂದಿತು. ಕಣ್ಣೊರೆಸಿಕೊಂಡು ಮತ್ತೊಂದು ಮುದ್ದೆ ಮುರಿದರು.

"ದುಃಖಕ್ಕೆ ಹಸಿವು ಜಾಸ್ತಿ ಕಣಮ್ಮ," ಎಂದರು ಆದಿಲಕ್ಷ್ಮಮ್ಮ. ಬೀದಿಯೆಲ್ಲ ಹೌದೆಂದಿತು.