ಹೆಲ್ಸಿಂಕಿಯ ಮನೆತನ ವಿಚಾರಿಸಿದ್ದು

ಹೆಣ್ಣು ಕೊಡುವ ಮುಂಚೆ ಗಂಡಿನ ಊರು, ಮನೆತನ ವಿಚಾರಿಸಿಕೊಂಡು ಬರುವ ಕೆಲಸಕ್ಕೆ ಶಿಕಾರಿಪುರದ ನಮ್ಮ ಬಳಗದಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಇದು ನಾನು ಹೇಳುವ ಮಾತಲ್ಲ. ನಾನು ಹೇಳಿಕೊಟ್ಟದ್ದನ್ನು ಬಳಗದವರು ಹೇಳುತ್ತಾರೆ. ಈ ವಿದ್ಯೆಯ ಮೊದಲ ನಿಯಮ: ಗಂಡಿನ ಮನೆಯಲ್ಲಿ ಏನನ್ನೂ ಕೇಳಬಾರದು, ಪಕ್ಕದ ಮನೆಯಲ್ಲಿ ಕೇಳಬೇಕು. ಹೀಗಾಗಿ ನನ್ನ ಹೆಂಡತಿ ಶೋಭಾಗೆ ವಿದೇಶದಲ್ಲಿ ಪಾಠ ಮಾಡುವ ಫೆಲೋಶಿಪ್ ಸಿಕ್ಕಿ, ಮೂರು ಊರುಗಳಲ್ಲಿ ಒಂದನ್ನು ಭಾನುವಾರದೊಳಗೆ ಆರಿಸಬೇಕು ಎಂದಾಗ, ನಾನು ಗೊಬ್ಬರದ ಅಂಗಡಿಯ ಬಾಗಿಲು ಅರ್ಧ ಎಳೆದು ಮನೆಗೆ ಓಡಿದೆ.

ಶೋಭಾ ಸರ್ಕಾರಿ ಹೈಸ್ಕೂಲಿನ ಗಣಿತದ ಟೀಚರು. ಬೆಲ್ ಹೊಡೆದರೂ ಮಕ್ಕಳು ಅವಳ ಕ್ಲಾಸಿನಿಂದ ಏಳುವುದಿಲ್ಲ. ಗಣಿತದ ಕ್ಲಾಸಿನಿಂದ! ರಾಜ್ಯದ ಮೂಲೆ ಮೂಲೆಯಿಂದ ಅರ್ಜಿ ಹಾಕಿದವರ ನಡುವೆ ಅವಳನ್ನು ಆರಿಸಿದ್ದು ಅದಕ್ಕೇ. ಯೂರಿಯಾ ಕೇಳಲು ಬಂದವರಿಗೂ ನಾನು ಮೊದಲು ಈ ಸುದ್ದಿ ಹೇಳಿ ಆಮೇಲೆ ಚೀಲ ಕೊಡುತ್ತಿದ್ದೆ.

ಸಿಂಗಪುರವಾದರೆ ಆರು ವಾರ, ಎಡಿನ್‌ಬರೋ ಆದರೆ ಮೂರು ತಿಂಗಳು, ಹೆಲ್ಸಿಂಕಿಯಾದರೆ ಪೂರ್ತಿ ಆರು ತಿಂಗಳು. ಹೆಲ್ಸಿಂಕಿಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವ ರೀತಿಯನ್ನು ಕಣ್ಣಾರೆ ನೋಡಬೇಕೆಂಬುದು ಅವಳ ಬಹುದಿನದ ಆಸೆ. ಆದರೆ ಯಾಕೋ ಏನೋ, "ಸಿಂಗಪುರನೇ ಸಾಕು ಕಣ್ರಿ" ಎನ್ನತೊಡಗಿದ್ದಳು. ಯಾಕೆಂದು ನಾನು ಕೇಳಲಿಲ್ಲ. ಮನೆಯವರನ್ನು ಕೇಳುವುದು ನನ್ನ ನಿಯಮದಲ್ಲೇ ಇಲ್ಲವಲ್ಲ.

ಮೊದಲು ಸೊರಬಕ್ಕೆ ಹೋಗಿ ಮಾವನ ಅಭಿಪ್ರಾಯ ಕೇಳಿದೆ.

"ಎಡಿನ್‌ಬರೋದಾಗ ಮಳೆ ಜಾಸ್ತಿಯಂತೆ ಮಾವ."

"ಮಳೆ ನೋಡೋಕೆ ವಿಮಾನ ಹತ್ತಬೇಕಾ ಅಳಿಯಂದ್ರೆ? ತೀರ್ಥಹಳ್ಳಿ ಬಸ್ ಹತ್ತಿದ್ರೆ ಸಾಲದಾ?"

ಎಡಿನ್‌ಬರೋ ಅಲ್ಲಿಗೇ ಬಿತ್ತು. ಮಿಕ್ಕ ಎರಡು ಊರುಗಳ ಗತಿ ನೋಡಲು ಮಾವ ನನ್ನ ಜೊತೆಗೇ ಬಸ್ಸು ಹತ್ತಿ ಶಿಕಾರಿಪುರಕ್ಕೆ ಬಂದರು.

ಇನ್ನು ಹೆಲ್ಸಿಂಕಿ. ನಿಯಮದ ಪ್ರಕಾರ ಪಕ್ಕದ ಮನೆಯಲ್ಲಿ ಕೇಳಬೇಕು. ಭೂಪಟ ನೋಡಿದೆ. ಪಕ್ಕದ ಮನೆ ಸ್ವೀಡನ್. ಅಲ್ಲಿ ನನ್ನ ಸೋದರಮಾವನ ಮಗಳು ನರ್ಸ್ ಆಗಿದ್ದಾಳೆ. ಫೋನ್ ಹಚ್ಚಿದೆ.

"ಆ ಜನ ಮಾತಾಡೋದೇ ಕಮ್ಮಿ ಭಾವ," ಎಂದಳು ಅವಳು. "ಬಸ್‌ಸ್ಟಾಪಲ್ಲೂ ದೂರ ದೂರ ನಿಂತ್ಕಂತಾರಂತೆ."

ಊರಿಗೆ ಊರೇ ಮಾತು ಬಿಟ್ಟಿದೆ ಎಂದರೆ ಅದು ಆಸ್ತಿ ಜಗಳವೇ ಸರಿ ಎಂದು ನಾನು ತೀರ್ಪು ಕೊಟ್ಟೆ. ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಾಗುತ್ತದೆ ಎಂಬುದನ್ನೂ ಸೇರಿಸಿದೆ.

"ಕತ್ತಲಾದ್ರೇನು, ಕರೆಂಟ್ ಇರತ್ತಲ್ಲ," ಎಂದರು ಮಾವ.

ಭಾನುವಾರ ಮಧ್ಯಾಹ್ನ ಹೆಲ್ಸಿಂಕಿಯ ಟೀಚರಮ್ಮ ಐನೋ ಅವರು ಶೋಭಾ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡುವವರಿದ್ದರು. ನಾನು ಮದುವೆ ಮಾತುಕತೆಗೆ ಹಾಕುವ ಶರ್ಟು ಹಾಕಿಕೊಂಡು ಪಕ್ಕದಲ್ಲೇ ಕುಳಿತೆ. ಅವರಿಬ್ಬರೂ ಭಿನ್ನರಾಶಿಯ ವಿಷಯ ಮಾತಾಡುತ್ತಿದ್ದಾಗ ನಡುವೆ ಬಾಯಿ ಹಾಕಿದೆ.

"ನೀರು ಹೆಂಗೈತಿ ಕೇಳು. ಮನೆ ಸ್ವಂತದ್ದೋ, ಬಾಡಿಗೇದೋ? ಅತ್ತೆ ಜೊತೆಗೇ ಇದಾರಾ? ಊರಾಗಿನ ಜಗಳ ಎಲ್ಲಿಗೆ ಬಂತು?"

ಶೋಭಾ ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಐನೋ ಒಂದೊಂದಕ್ಕೂ ಗಂಭೀರವಾಗಿ ಉತ್ತರ ಕೊಟ್ಟರು. ನೀರು ನಲ್ಲಿಯಿಂದಲೇ ಕುಡಿಯಬಹುದು. ಮನೆ ಬಾಡಿಗೆಯದು. ಅತ್ತೆ ಬೇರೆ ಊರಿನಲ್ಲಿ. ಜಗಳ ಅವರ ಗಮನಕ್ಕೆ ಬಂದಿಲ್ಲ. ಆಮೇಲೆ ನಗುತ್ತಾ, ಈಗ ತಮ್ಮ ಸರದಿ ಎಂದು ಒಂದೇ ಪ್ರಶ್ನೆ ಕೇಳಿದರು. ಅದನ್ನು ಕನ್ನಡಕ್ಕೆ ತರುವಾಗ ಮಾತ್ರ ಶೋಭಾಳ ದನಿ ಇಳಿಯಿತು.

"ನಾನಿಲ್ಲದ ಆರು ತಿಂಗಳು ನಮ್ಮನೇಲಿ ಅಡುಗೆ ಯಾರು ಮಾಡ್ತಾರೆ ಅಂತಿದಾರೆ."

"ನಾನೇ. ಅದೇನು ಮಹಾ ವಿದ್ಯೆ? ಈಗ್ಲೇ ಟೀ ಮಾಡ್ಕಂಡು ಬರ್ತೀನಿ ಅಂತ ಹೇಳು."

ಅಡುಗೆಮನೆಗೆ ನುಗ್ಗಿ ಒಲೆಯ ಮೇಲೆ ಹಾಲಿಟ್ಟೆ. ಕಪಾಟಿನ ತುಂಬ ಒಂದೇ ತರದ ಸ್ಟೀಲ್ ಡಬ್ಬಿಗಳು. ತೆರೆದರೆ ಸಾಸಿವೆ. ಇನ್ನೊಂದು ತೆರೆದರೆ ಮೆಂತ್ಯ. ಮತ್ತೊಂದು ತೆರೆದರೆ ರಾಗಿಹಿಟ್ಟು, ಅದರಲ್ಲಿ ಅರ್ಧ ನನ್ನ ಶರ್ಟಿನ ಮೇಲೆ.

"ಶೋಭಾ, ನಮ್ಮನ್ಯಾಗ ಟೀ ಪುಡಿ ಎಲ್ಲಿರ್ತೈತಿ?"

ನನ್ನ ದನಿ ಹೆಲ್ಸಿಂಕಿಗೂ ಕೇಳಿಸಿತು. ಐನೋ ನಕ್ಕದ್ದು ನನಗೂ ಕೇಳಿಸಿತು. ಆ ಹೊತ್ತಿಗೆ ಹಾಲು ಉಕ್ಕಿ, ಒಲೆ ಆರಿ, ಕಟ್ಟೆಯಿಂದ ನೆಲಕ್ಕೆ ಹರಿಯಿತು.

ಮಾವ ಬಾಗಿಲಲ್ಲಿ ನಿಂತು ನೋಡಿದರು. ಗ್ಯಾಸ್ ಬಂದ್ ಮಾಡಿ, ಕೈಮುಗಿದು, ಹಜಾರದ ಕಡೆ ತಿರುಗಿ ಹೇಳಿದರು: "ಹಾಲುಕ್ಕಿತು ಮಗಳೇ, ಶುಭ ಶಕುನ. ಹೆಲ್ಸಿಂಕಿ ಅಂತ ಹೇಳಿಬಿಡು."

ಶೋಭಾ ಹೇಳಿಯೇಬಿಟ್ಟಳು. ನಾನು ಒರೆಸುವ ಬಟ್ಟೆ ಹಿಡಿದು ಹೊರಗೆ ಬಂದಾಗ ಕಾಲ್ ಮುಗಿದಿತ್ತು. ಅವಳ ಮುಖದಲ್ಲಿ ನಾನು ಅಷ್ಟು ದಿನ ನೋಡದಿದ್ದ ಗೆಲುವು. ಅದನ್ನು ನೋಡಿ ನನಗೂ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು. ಆದರೂ ಕೇಳಿದೆ.

"ಅಲ್ಲ, ಸಿಂಗಪುರನೇ ಸಾಕು ಅಂತಿದ್ಯಲ್ಲ?"

"ನಿಮ್ಮೊಬ್ಬರನ್ನೇ ಆರು ತಿಂಗಳು ಹೆಂಗೆ ಬಿಟ್ಟು ಹೋಗೋದು ಅಂತ ಹೆದರಿಕೆಯಿತ್ತು ಕಣ್ರಿ. ಈಗ ನೋಡಿದ ಮೇಲೆ ಗೊತ್ತಾಯ್ತು. ಆರು ವಾರದಲ್ಲಿ ನೀವು ಏನೂ ಕಲಿಯಲ್ಲ. ನಿಮಗೂ ಆರು ತಿಂಗಳೇ ಬೇಕು."

ಹೀಗೆ ನಮ್ಮ ಮನೆಗೆ ಎರಡು ಫೆಲೋಶಿಪ್ ಬಂದವು, ಒಂದು ಹೆಲ್ಸಿಂಕಿಯಲ್ಲಿ, ಇನ್ನೊಂದು ಅಡುಗೆಮನೆಯಲ್ಲಿ. ಅವಳದಕ್ಕೆ ರಾಜ್ಯದಲ್ಲೆಲ್ಲ ಪೈಪೋಟಿ ಇತ್ತು. ನನ್ನದಕ್ಕೆ ನಾನೊಬ್ಬನೇ ಅಭ್ಯರ್ಥಿ, ಆದರೂ ಪಾಸಾಗುತ್ತೇನೆಂಬ ಭರವಸೆ ಮನೆಯಲ್ಲಿ ಯಾರಿಗೂ ಇಲ್ಲ.