ಕಾಡತೂಸಿನ ತಕ್ಕಡಿ

ಸಂಗನಬಸವನಿಗೆ ಕಾಡತೂಸಿನ ಹುಚ್ಚು ಹಿಡಿದದ್ದು ಮೊಬೈಲಿನಿಂದ. ಅದರೊಳಗೆ ಯಾವನೋ ಪರದೇಶದ ಗಡ್ಡದ ಸಾಹೇಬ ತನ್ನ ಮನೆಯಲ್ಲೇ ಖಾಲಿ ಕಾಡತೂಸುಗಳಿಗೆ ಮದ್ದು ತುಂಬುತ್ತ, ಹೊಸಬರು ಏನೇನು ಸಾಮಾನು ಕೊಳ್ಳಬೇಕೆಂದು ಹೇಳುತ್ತಿದ್ದ. ಅವನ ಮಾತು ತಿಳಿಯದಿದ್ದರೂ ಸಂಗನಬಸವ ಮೂರು ತಿಂಗಳು ಬಿಡದೆ ನೋಡಿದ. ಅಪ್ಪನಿಂದ ಬಂದ ಪರವಾನಗಿ ಬಂದೂಕು ಅಟ್ಟದ ಮೇಲಿತ್ತು. ತಾನೇ ತುಂಬಿದ ಗುಂಡು ತನ್ನೂರು ಟಿಕೋಟಾದ ಆಕಾಶದಲ್ಲಿ ಗುಡುಗಿದಂತೆ, ತನ್ನ ಗೋವಿನಜೋಳ ಮೇಯುತ್ತಿದ್ದ ಹಂದಿಗಳು ಬಬಲೇಶ್ವರದವರೆಗೂ ಓಡಿದಂತೆ ಅವನಿಗೆ ಹಾಡುಹಗಲೇ ಕನಸು ಬೀಳುತ್ತಿತ್ತು.

ಇದಕ್ಕೆಲ್ಲ ಸರಕಾರದ ಒಪ್ಪಿಗೆ ಬೇಕು, ನಿಜ. ಅದಕ್ಕಿಂತ ಕಷ್ಟದ್ದು ಹೆಂಡತಿ ನೇತ್ರಾಳ ಒಪ್ಪಿಗೆ. "ಮದ್ದು ತುಂಬೂ ಸಾಮಾನು ಒಂದರ ಮನ್ಯಾಗ ಬಂತಂದ್ರ ಬಂದೂಕು ಠಾಣೇಕ ಹೋಗ್ತೈತಿ ನೋಡ್ರಿ" ಎಂದು ಆಕೆ ಮೊದಲೇ ಹೇಳಿಟ್ಟಿದ್ದಳು.

ಸಾಹೇಬ ಎಲ್ಲಕ್ಕಿಂತ ಮೊದಲು ತೋರಿಸಿದ್ದು ಮದ್ದು ತೂಗುವ ಒಂದು ಪುಟ್ಟ ತಕ್ಕಡಿ. ತಕ್ಕಡಿ ಕಂಡರೆ ಯಾರಿಗೆ ಬಂದೂಕು ನೆನಪಾದೀತು? ಸಂಗನಬಸವ ಆ ಧೈರ್ಯದ ಮೇಲೆ ವಿಜಯಪುರಕ್ಕೆ ಹೋಗಿ, ಸಿದ್ಧೇಶ್ವರ ಗುಡಿಯ ಹತ್ತಿರ ಬಂಗಾರ ತೂಗುವ ತಕ್ಕಡಿಯೊಂದನ್ನು ಕೊಂಡ. ಅದನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತರೆ, ಪಕ್ಕದಲ್ಲೇ ನೆರೆಮನೆಯ ಶಂಕ್ರೆವ್ವ.

"ಏನೋ ತಮ್ಮಾ ಅದು?"

"ತಕ್ಕಡಿ ಬೇ ಯಕ್ಕಾ."

"ಬಂಗಾರ ತೂಗೂದು. ನಿನಗ್ಯಾಕ?"

ನಿಜ ಹೇಳಿದರೆ ಬಸ್ಸಿಗಿಂತ ಮುಂಚೆ ಸುದ್ದಿ ನೇತ್ರಾಳನ್ನು ಮುಟ್ಟುತ್ತಿತ್ತು. "ಬಂಗಾರ ತೂಗಾಕ" ಎಂದುಬಿಟ್ಟ.

ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಓಣಿಯ ಹೆಂಗಸರೆಲ್ಲ ಅವನ ಕಟ್ಟೆಯ ಮೇಲಿದ್ದರು. "ಊರಾಗಿನ ಹೆಣ್ಮಕ್ಕಳಿಗೆ ಮೋಸ ಆಗಬಾರ್ದಂತ ನಮ್ಮನ್ಯಾವ್ರು ತಂದಾರ್ರಿ" ಎಂದು ನೇತ್ರಾ ಬೀಗುತ್ತ ಚಹಾ ಕೊಟ್ಟಳು. ಶಂಕ್ರೆವ್ವನ ಕೊರಳ ಬೋರಮಾಳ, ಸೀತವ್ವನ ಕೈಯ ಪಾಟ್ಲಿ, ಯಾವುದನ್ನು ತೂಗಿದರೂ ಅಂಗಡಿಯ ಚೀಟಿಯಲ್ಲಿ ಬರೆದದ್ದಕ್ಕಿಂತ ಕಡಿಮೆ. ತಪ್ಪು ತಕ್ಕಡಿಯದೋ ಅಂಗಡಿಯವರದೋ ಶಿವನೇ ಬಲ್ಲ. ತೂಗುವವನಿಗಂತೂ ತಟ್ಟೆಯಲ್ಲಿ ಪಾಟ್ಲಿ ಕಾಣುತ್ತಲೇ ಇರಲಿಲ್ಲ, ಕರಿ ಮದ್ದು ಸಣ್ಣಗೆ ಉದುರುತ್ತಿತ್ತು.

"ನಾಳೆ ಎಲ್ಲಾರೂ ಕೂಡಿ ಹೋಗಿ ಅಂಗಡ್ಯಾಂವನ್ನ ಕೇಳೂಣು. ಈಗ ಮನಿಗೆ ಒಯ್ದ್ರ ನಡುವ ಬದಲ ಮಾಡೀರಿ ಅಂತಾನ. ತೂಗಿದ್ದು ತೂಗಿದಲ್ಲೇ ಇರಲಿ" ಎಂದಳು ಶಂಕ್ರೆವ್ವ. ಹದಿನಾಲ್ಕು ಗಂಟುಗಳು ಸಂಗನಬಸವನ ಟ್ರಂಕು ಸೇರಿದವು.

ಹೆಂಗಸರು ಹೋದ ಮೇಲೆ ನೇತ್ರಾ ಟ್ರಂಕು ನೋಡಿದಳು, ಓಣಿ ನೋಡಿದಳು. ತಾನೇ ಅಟ್ಟ ಹತ್ತಿ ಬಂದೂಕು ಇಳಿಸಿ, ಸೆರಗಿನಿಂದ ಧೂಳು ಒರೆಸಿ ಗಂಡನ ಕೈಗಿಟ್ಟಳು.

"ಬಾಗಲದಾಗ ಕುಂದರ್ರಿ. ಮಂದಿ ಬಂಗಾರ ಐತಿ. ಗುಂಡು ಹಾಕ್ಕೋರಿ."

"ಗುಂಡು ಎಲ್ಲೈತಿ? ಬರೇ ಖಾಲಿ ಕಾಡತೂಸು ಅದಾವು."

"ಹಂಗಾರ ಅದೇನೋ ತುಂಬೂದು ಅಂತಿದ್ರೆಲ್ಲ, ಕಾಯ್ದೆಶೀರ್ ಅರ್ಜಿ ಹಾಕಿ ಕಲೀರಿ. ಇನ್ನ ನಂದೇನೂ ಅಡ್ಡಿ ಇಲ್ಲ."

ಸಂಗನಬಸವನಿಗೆ ಕಾಲ ಕೆಳಗಿನ ನೆಲ ಹತ್ತಿಯಂತೆ ಮೆತ್ತಗಾಯಿತು. ಇಷ್ಟು ಪ್ರೀತಿಯ ಹೆಂಡತಿಯಿಂದ ಮುಚ್ಚಿಡುವುದಾದರೂ ಏನಿದೆ ಎನ್ನಿಸಿ, ತೇಲುತ್ತಲೇ ಹೇಳಿಬಿಟ್ಟ.

"ಮೊದಲನೇ ಸಾಮಾನು ಆಗ್ಲೇ ತಂದೇನಿ ನೇತ್ರಾ. ಆ ತಕ್ಕಡಿ ಮದ್ದು ತೂಗಾಕ ಅಂತನ ತಂದದ್ದು."

ಊರ ಮುಂದೆ ಬೀಗಿದ್ದೆಲ್ಲ ನೇತ್ರಾಳ ಮುಖದಿಂದ ಇಳಿದುಹೋಯಿತು. ಆಮೇಲೆ ಬಂದೂಕನ್ನು ಅವನ ಕೈಯಿಂದ ಬಿಡಿಸಿಕೊಂಡು, ಠಾಣೆಗೆ ಹೋಗಲು ಪಕ್ಕದ ಮನೆಯ ತುಕಾರಾಮನ ಆಟೋ ಕರೆದಳು. ಹೊಸ್ತಿಲು ದಾಟಿದವಳು ಮತ್ತೆ ಒಳಗೆ ಬಂದು, ಅಡುಗೆಮನೆಯಿಂದ ಒನಕೆ ತಂದು ಅವನ ಕೈಗಿಟ್ಟಳು.

"ನಾ ಬರೂ ತನಕ ಬಾಗಲದಿಂದ ಏಳಬ್ಯಾಡ್ರಿ. ಮಂದಿ ಬಂಗಾರ ಐತಿ."