ಏಳಲೊಲ್ಲದ ಹಸಿರು ಗೆರೆ

ಲ್ಯಾಪ್‌ಟಾಪಿನ ಪರದೆಯ ಮೇಲೆ ದನಿಯ ಏರಿಳಿತ ತೋರಿಸುವ ಹಸಿರು ಗೆರೆ ಏಳಲೊಲ್ಲದು. ಚಿತ್ತರಂಜನ ಮೈಕಿನ ಮುಂದೆ ಕೂತು ಮೆಲ್ಲಗೆ ಓದಿದ, ಜೋರಾಗಿ ಓದಿದ, ಕೊನೆಗೆ ಗಂಟಲು ಹರಿಯುವ ಹಾಗೆ "ಹಲೋ" ಎಂದು ಕೂಗಿದ. ಗೆರೆ ಜ್ವರ ಬಂದವನ ಹಾಗೆ ಒಮ್ಮೆ ತಲೆಯೆತ್ತಿ ಮತ್ತೆ ಮಲಗಿತು. ರೆಕಾರ್ಡಾದದ್ದನ್ನು ಹಾಕಿ ಕೇಳಿದರೆ ದನಿ ಬಾವಿಯೊಳಗಿಂದ ಬರುತ್ತಿತ್ತು.

ಸಂಜೆ ಐದರೊಳಗೆ ಹದಿನೈದು ನಿಮಿಷದ ಸ್ಯಾಂಪಲ್ ಕಳುಹಿಸಬೇಕಿತ್ತು. ಮೊಬೈಲಿನಲ್ಲಿ ಕತೆ ಕೇಳಿಸುವ ಬೆಂಗಳೂರಿನ ಕಂಪೆನಿಯೊಂದು ಓದುವವರನ್ನು ಹುಡುಕುತ್ತಿತ್ತು. ಚಿತ್ತರಂಜನನಿಗೆ ದುಡ್ಡಿನ ಆಸೆಯಿರಲಿಲ್ಲ. ಪಣಂಬೂರಿನ ಬಂದರಿನಲ್ಲಿ ಹಡಗಿನ ಸರಕು ಎಣಿಸುವ ಕೆಲಸ ಒಬ್ಬನ ಹೊಟ್ಟೆಗೆ ಧಾರಾಳವಾಗಿತ್ತು. ಐವತ್ತೊಂದು ವರ್ಷ, ಮದುವೆಯಿಲ್ಲ, ಕುಲಶೇಖರದಲ್ಲಿ ಬಾಡಿಗೆಗೆ ಒಂದು ಕೋಣೆ. ಹೋದ ತಿಂಗಳು ಒಂದು ಸೋಮವಾರ ಆಫೀಸಿನಲ್ಲಿ ಯಾರಿಗೋ "ನಮಸ್ಕಾರ" ಹೇಳಹೋದರೆ ದನಿಯೇ ಹೊರಡಲಿಲ್ಲ. ಶನಿವಾರ ಮಧ್ಯಾಹ್ನದಿಂದ ತಾನು ಯಾರೊಂದಿಗೂ ಒಂದು ಮಾತೂ ಆಡಿಲ್ಲವೆಂದು ಆಗ ಹೊಳೆಯಿತು. ಎಲ್ಲಾದರೂ ಯಾರಾದರೂ ತನ್ನ ದನಿ ಕೇಳಲಿ ಎಂದೇ ಅವನು ಈ ಕಂಡೆನ್ಸರ್ ಮೈಕು ತರಿಸಿದ್ದು.

ಮದುವೆಗಳಿಗೆ ಸೌಂಡ್ ಸಿಸ್ಟಮ್ ಹಾಕುವ ಮೇಲಿನ ಮನೆಯ ರೂಪೇಶ್ ಕೂಗು ಕೇಳಿ ಇಳಿದು ಬಂದ.

"ಎಂತ ಚಿತ್ತರಂಜನಣ್ಣ, ಯಾರಿಗೆ ಬೈದದ್ದು?"

"ಯಾರಿಗೂ ಅಲ್ಲ ಮಾರಾಯ. ಈ ಮೈಕಿಗೆ ನನ್ನ ಮಾತೇ ಕೇಳುದಿಲ್ಲ."

"ಇದಕ್ಕೆ ಕರೆಂಟ್ ಬೇಕು ಅಣ್ಣ. ನಲವತ್ತೆಂಟು ವೋಲ್ಟಿನ ಬಟನ್ ಉಂಟಲ್ಲ, ಒತ್ತಿದ್ದೀರಾ?"

"ಒತ್ತಿದ್ದೇನೆ. ಕೆಂಪು ಲೈಟ್ ಉರೀತಾ ಉಂಟು ನೋಡು."

"ಹಾಗಾದ್ರೆ ಕೇಬಲ್ಲೇ. ಡೌಟೇ ಇಲ್ಲ."

ರೂಪೇಶ್ ತನ್ನ ಕೇಬಲ್ ತಂದು ಸಿಕ್ಕಿಸಿದ. ಗೆರೆ ಅಲುಗಲಿಲ್ಲ. ದನಿ ಏರಿಸುವ ತಿರುಪನ್ನು ಪೂರ್ತಿ ತಿರುಗಿಸಿದಾಗ ಫ್ಯಾನಿನ ಸದ್ದು ಹೆಲಿಕಾಪ್ಟರಿನಂತೆ ಮೊಳಗಿತೇ ಹೊರತು ಚಿತ್ತರಂಜನ ಬಾವಿಯಲ್ಲೇ ಉಳಿದ. ಫ್ಯಾನ್ ಆರಿಸಿದರು. ಸೆಕೆ ತಡೆಯದೆ ಕಿಟಕಿ ತೆರೆದರು. ತೆರೆದದ್ದೇ ತಡ, ಪಕ್ಕದ ಮನೆಯ ಗ್ಲ್ಯಾಡಿಸ್ ಟೀಚರ ಮುಖ ಅದರಲ್ಲಿ ಮೂಡಿತು. ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದ ಅವರು ಈಗ ಬೆಕ್ಕಿಗೂ ಕನ್ನಡದಲ್ಲೇ ಬೈಯುತ್ತಿದ್ದರು.

"ದೋಷ ಆ ಸಾಮಾನಿನದ್ದಲ್ಲ, ಹೊಟ್ಟೆಯದ್ದು. ಬೆಳಿಗ್ಗೆ ಎಂತ ತಿಂದದ್ದು ನೀನು?"

"ಎರಡು ಬಿಸ್ಕೆಟ್, ಟೀಚರ್."

"ಬಿಸ್ಕೆಟ್ ತಿಂದವನಿಗೆ ದನಿ ಎಲ್ಲಿಂದ ಬರಬೇಕು?"

ಗಂಜಿ, ಉಪ್ಪಿನಕಾಯಿ ಬಂತು, ಹಿಂದೆಯೇ ಟೀಚರೂ ಒಳಗೆ ಬಂದರು. ಉಂಡವನನ್ನು ನಿಲ್ಲಿಸಿ ಟೀಚರ್ ಅ ಆ ಇ ಈ ಹೇಳಿಸಿದರು. ಗೋಡೆಯ ಮಾರ್ದನಿ ತಡೆಯಲೆಂದು ರೂಪೇಶ್ ಹಾಸಿಗೆಯನ್ನು ಅವನ ಬೆನ್ನಿಗೆ ನಿಲ್ಲಿಸಿ, ಎರಡು ಕಂಬಳಿ ಹೊದಿಸಿದ. ಒಳಗೆ ಚಿತ್ತರಂಜನ ಕಡುಬಿನ ಹಾಗೆ ಬೆಂದ. ಗೆರೆ ಮಾತ್ರ ಎದ್ದಿರಲಿಲ್ಲ. ಆದರೂ ನಿಜ ಹೇಳಬೇಕೆಂದರೆ, ಅವನಿಗೆ ಒಳಗೊಳಗೇ ಖುಷಿಯಾಗಿತ್ತು. ಆ ಕೋಣೆಯಲ್ಲಿ ಮೂರು ಜನರ ಮಾತು ಕೇಳಿ ವರ್ಷಗಳೇ ಆಗಿದ್ದವು.

ಗಡಿಯಾರ ನಾಲ್ಕೂವರೆ ತೋರಿಸಿದಾಗ ಮಾತ್ರ ಅವನು ಬೆಚ್ಚಿದ. "ನೀವೆಲ್ಲ ಒಮ್ಮೆ ಹೋಗಿ ಮಾರಾಯ್ರೆ, ಬಂದ ಹಾಗೆ ಬರಲಿ, ಓದಿಬಿಡ್ತೇನೆ" ಎಂದು ಇಬ್ಬರನ್ನೂ ಸಾಗಹಾಕಿದ. ಟೀಚರ್ ಮುಖ ಊದಿಸಿಕೊಂಡು ಅವನ ಕಿಟಕಿಯ ಹೊರಗಿನ ಮೆಟ್ಟಿಲ ಮೇಲೆ ಕೂತು, ಹಳೆಯ ಶಿಷ್ಯೆ ಮುಫೀದಾಗೆ ಫೋನ್ ಹಚ್ಚಿದರು. ಅವರ ಮಾತು ಆ ಬೀದಿಗೆ ರೈಲಿನ ಸದ್ದಿನಂತೆ ಅಭ್ಯಾಸವಾಗಿ ಹೋಗಿತ್ತು. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಚಿತ್ತರಂಜನ ಒಬ್ಬ ರಾಜಕುಮಾರನ ಕತೆ ಓದತೊಡಗಿದ. ಏನಾಶ್ಚರ್ಯ! ಹಸಿರು ಗೆರೆ ಚಂಗನೆ ಎದ್ದಿತು, ಕುಣಿಯಿತು. ಗಂಜಿಯ ಮಹಿಮೆಯೋ ಕಂಬಳಿಯದ್ದೋ ಎಂದುಕೊಂಡು ಅವನು ಮೈಮರೆತು ಓದಿದ. ಮುಗಿಸಿದಾಗ ಐದಕ್ಕೆ ನಾಲ್ಕೇ ನಿಮಿಷ. ಕೇಳಿ ನೋಡಲು ಪುರುಸೊತ್ತಿಲ್ಲದೆ ಹಾಗೆಯೇ ಕಳುಹಿಸಿಬಿಟ್ಟ.

ಏಳು ಗಂಟೆಗೆ ರೂಪೇಶ್ ಕೇಬಲ್ ಬಿಚ್ಚಿಕೊಳ್ಳಲು ಬಂದಿದ್ದಾಗಲೇ ಕಂಪೆನಿಯ ಅನುಷ್ಕಾ ಎಂಬಾಕೆ ಫೋನ್ ಮಾಡಿದಳು.

"ಸರ್, ಸ್ಯಾಂಪಲ್ ಕೇಳಿದ್ವಿ. ನಮ್ಮ ಆಫೀಸಲ್ಲಿ ಮೂರು ಜನ ಅತ್ತುಬಿಟ್ರು."

ಮೂರು ಜನ! ಚಿತ್ತರಂಜನನ ಕಣ್ಣು ಮಂಜಾಯಿತು.

"ಆ ಮೇಡಮ್ ಯಾರು ಸರ್? ಎಷ್ಟು ಚೆನ್ನಾಗಿ ಕತೆ ಹೇಳ್ತಾರೆ!"

"ಯಾವ ಮೇಡಮ್?"

ಅವಳು ರೆಕಾರ್ಡಿಂಗ್ ಹಾಕಿದಳು. ಗ್ಲ್ಯಾಡಿಸ್ ಟೀಚರ ದನಿ ಗಂಟೆ ಹೊಡೆದಂತೆ ಬಂತು: "ನೋಡು ಮುಫೀದಾ, ಬೆಳಿಗ್ಗೆಯಿಂದ ಟಾರ್ಚಿನ ಹಾಗಿರುವ ಎಂತದೋ ಸಾಮಾನಿನ ಹತ್ತಿರ ಮಾತಾಡ್ತಾ ಇದ್ದಾನೆ. ಪಾಪ, ಬೇರೆ ಯಾರುಂಟು ಅವನಿಗೆ? ಚೌತಿಯ ದಿನ ಎರಡು ಬಾಳೆಲೆ ಹಾಕಿ ಒಬ್ಬನೇ ಊಟ ಮಾಡಿದ. ನಾನೇ ಕಿಟಕಿಯಿಂದ ನೋಡಿದ್ದೇನೆ." ಹಿಂದಿನಿಂದ, ಬಾಟಲಿಯಲ್ಲಿ ಸಿಕ್ಕಿದ ದುಂಬಿಯ ಹಾಗೆ ಏನೋ ಗುಂಯ್‌ಗುಡುತ್ತಿತ್ತು. ಅದು ರಾಜಕುಮಾರನ ಕತೆ.

ಒಂದು ಎಲೆ ಹರಿದಿತ್ತು, ಅದಕ್ಕೇ ಎರಡು ಹಾಕಿದ್ದು ಎನ್ನಲು ಚಿತ್ತರಂಜನ ಬಾಯಿ ತೆರೆದ. ಎಲೆ ಹರಿದಿರಲಿಲ್ಲವೆಂದು ಅವನಿಗೇ ಗೊತ್ತಿತ್ತು.

ರೂಪೇಶ್ ಮೈಕನ್ನು ಬಗ್ಗಿ ನೋಡಿ ಹಣೆ ಚಚ್ಚಿಕೊಂಡ. "ಅಣ್ಣ, ಇದರ ಮುಖ ಕಿಟಕಿ ಕಡೆ ಉಂಟು! ಮೈಕಿನ ಹೆಸರು ಬರೆದ ಬದಿಯೇ ಮುಖ. ನೀವು ಇಡೀ ದಿನ ಇದರ ಬೆನ್ನಿಗೆ ಮಾತಾಡಿದ್ದು!"

ಹೆಸರನ್ನು ಕಿಟಕಿಯತ್ತ ತಿರುಗಿಸಿಟ್ಟವನು ಚಿತ್ತರಂಜನನೇ. ದಾರಿಯಲ್ಲಿ ಹೋಗುವ ಯಾರಾದರೂ ಕಂಡು, ಅದೆಂತದ್ದು ಎಂದು ಕೇಳಿಯಾರು ಎಂಬ ಆಸೆ.

"ವಾರಕ್ಕೆ ಮೂರು ಕಂತು ಬೇಕು ಸರ್," ಅನುಷ್ಕಾ ಹೇಳುತ್ತಿದ್ದಳು. "ಹಿಂದುಗಡೆ ಗೊಣಗೋದು ಯಾರು?"

"ಅದು ನಾನು."

"ಅದ್ಭುತ ಸರ್! ಒಂಟಿ ಮನುಷ್ಯ ಅಂದ್ರೆ ಹಾಗೇ ಇರ್ಬೇಕು. ನೀವೂ ಇರ್ಲೇಬೇಕು. ಆದ್ರೆ ಒಂದೇ ಕಂಡಿಷನ್, ಮಾತು ಯಾರಿಗೂ ಅರ್ಥ ಆಗ್ಬಾರ್ದು."

ಮರುದಿನ ಬೆಳಿಗ್ಗೆ ಗ್ಲ್ಯಾಡಿಸ್ ಟೀಚರ್ ಅವನ ಕುರ್ಚಿಯಲ್ಲಿ, ಮೈಕಿನ ಮುಖಕ್ಕೆ ಮುಖವಿಟ್ಟು ಕೂತರು. "ಚಿತ್ತರಂಜನ್, ನೀನು ಎದುರಿದ್ರೆ ನನಗೆ ಕತೆ ಬರುದಿಲ್ಲ. ಹೊರಗೆ ಕೂತುಕೋ" ಎಂದರು. ಅವನು ಹೋಗಿ ಕಿಟಕಿಯ ಹೊರಗಿನ ಮೆಟ್ಟಿಲ ಮೇಲೆ ಕೂತ. ಯಾರಿಗೂ ತಿಳಿಯಬಾರದೆಂದ ಮೇಲೆ ಏನು ಹೇಳಿದರೇನು ಎಂದುಕೊಂಡು, ಚೌತಿಯ ದಿನ ಯಾರಾದರೂ ಊಟಕ್ಕೆ ಬರಬಹುದೆಂದು ಕಾದದ್ದನ್ನೂ, ಎರಡನೆಯ ಎಲೆಯಲ್ಲಿ ಅನ್ನ ಆರಿದ್ದನ್ನೂ ಮೊದಲ ಬಾರಿಗೆ ಬಾಯಿಬಿಟ್ಟು ಹೇಳತೊಡಗಿದ.

"ಅಣ್ಣ, ಮಾತು ಅರ್ಥ ಆಗ್ತಾ ಉಂಟು," ಒಳಗಿನಿಂದ ರೂಪೇಶ್ ಕೂಗಿದ. "ಇನ್ನೂ ಸ್ವಲ್ಪ ಮೆಲ್ಲ!"